ಅಕ್ಕೋರ ಅಂಚೆಪೆಟ್ಟಿಗೆ: ವೆಲ್ಶ್ ಬಗ್ಗೆ ಬಂದ ಕಾಗದಗಳು

ಹಿಂದಿನ ಸಂಚಿಕೆಯಲ್ಲಿ ಮಕ್ಕಳ ಓದಿನ ವಿಷಯ ಬರೆಯುತ್ತ, ನನ್ನ ಮೊಮ್ಮಗಳು ವೇಲ್ಸ್‌ನಲ್ಲಿ ವೆಲ್ಶ್ ಮಾಧ್ಯಮದ ಶಾಲೆಗೆ ಹೋಗುತ್ತಿದ್ದಾಳೆ ಅಂತ ಒಂದು ಸಾಲು ಹಾಕಿದ್ದೆ. ಆ ಒಂದು ಸಾಲಿಗೇ ಇಷ್ಟು ಕಾಗದ! ಅಡಿಕೆಯ ಕೊಳೆರೋಗದ ಬಗ್ಗೆ ಕೇಳಿದವರೂ ಇಷ್ಟು ಜನ ಇರಲಿಲ್ಲ. ವೇಲ್ಸ್ ಅಂದರೆ ಬ್ರಿಟನ್ನಿನಲ್ಲಿ ಇಂಗ್ಲೆಂಡಿನ ಪಶ್ಚಿಮಕ್ಕೆ ಇರುವ ನಾಡು. ಮಗಳು ಅಲ್ಲಿ ನರ್ಸ್. ಇರುವುದು ಗ್ವಿನೆದ್ ಅನ್ನುವ ಕಡೆ, ವೇಲ್ಸ್‌ನ ವಾಯವ್ಯ ಮೂಲೆ. ಬೆಟ್ಟ, ಮಳೆ, ಕುರಿ. ನಾನು ಹೋಗಿ ಒಂದಷ್ಟು ಕಾಲ ಇದ್ದು ಬಂದಿದ್ದೇನೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ರಿಟೈರ್ ಆದವಳು, ಭಾಷೆಯ ಮಾತು ಬಂದರೆ ಸುಮ್ನೆ ಕೂರುವುದು ನನ್ನಿಂದ ಆಗುವುದಿಲ್ಲ. ಹಾಗಾಗಿ ಈ ಸಲ ಪೂರ್ತಿ ಇದೇ.

ಮೇಡಂ, ವೆಲ್ಶ್ ಅಂದ್ರೆ ಇಂಗ್ಲಿಷೇ ಅಲ್ವಾ, ಸ್ವಲ್ಪ ಬೇರೆ ರಾಗದಲ್ಲಿ? ಎಷ್ಟು ಜನ ಆಡ್ತಾರೆ? (ವಿನೋಬನಗರ, ಶಿವಮೊಗ್ಗ)

ಅಲ್ಲವೇ ಅಲ್ಲ. ಇಂಗ್ಲಿಷಿನವರು ಬ್ರಿಟನ್ ದ್ವೀಪಕ್ಕೆ ಕಾಲಿಡುವ ಮೊದಲೇ ಅಲ್ಲಿ ಆಡುತ್ತಿದ್ದ ಮಾತಿನಿಂದ ಬಂದದ್ದು ವೆಲ್ಶ್. ಕೆಲ್ಟಿಕ್ ಗುಂಪಿನ ಭಾಷೆ. ಹತ್ತಿರದ ನಂಟರು ಅಂದರೆ ಫ್ರಾನ್ಸಿನ ಬ್ರೆಟನ್, ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನಿಶ್. ಇಂಗ್ಲಿಷ್ ಎಷ್ಟೇ ಚೆನ್ನಾಗಿ ಬಂದರೂ ವೆಲ್ಶ್ ರೇಡಿಯೋ ಹಾಕಿದರೆ ಒಂದು ವಾಕ್ಯ ತಲೆಗೆ ಹೋಗುವುದಿಲ್ಲ. ಅವರು ತಮ್ಮ ಭಾಷೆಯನ್ನು ಕಮ್‌ರೈಗ್ ಅನ್ನುತ್ತಾರೆ, ನಾಡನ್ನು ಕಮ್ರಿ.

2021ರ ಜನಗಣತಿಯ ಪ್ರಕಾರ ಮೂರು ವರ್ಷ ಮೇಲ್ಪಟ್ಟವರಲ್ಲಿ ವೆಲ್ಶ್ ಆಡಬಲ್ಲವರು 5,38,300. ಅಂದರೆ ನೂರಕ್ಕೆ 17.8. ನಮ್ಮ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆಯೇ 2011ರಲ್ಲಿ ಹದಿನೇಳೂವರೆ ಲಕ್ಷ ಇತ್ತು. ಅದರ ಮೂರನೇ ಒಂದು ಪಾಲಿಗಿಂತಲೂ ಕಡಿಮೆ ಜನ! ಅವರಿಗೂ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ, ತೀರಾ ಚಿಕ್ಕ ಮಕ್ಕಳನ್ನು ಬಿಟ್ಟರೆ. ಆದರೆ ಈ ಜನ ಎಲ್ಲ ಕಡೆ ಒಂದೇ ಥರ ಹರಡಿಲ್ಲ. ಗ್ವಿನೆದ್‌ನಲ್ಲಿ ನೂರಕ್ಕೆ 64.4, ಪಕ್ಕದ ಆಂಗ್ಲಸೀ ದ್ವೀಪದಲ್ಲಿ 55.8. ಇಂಗ್ಲೆಂಡಿನ ಗಡಿ ಕಡೆ ಹೋದರೆ ನೂರಕ್ಕೆ ಹತ್ತೂ ಸಿಗದ ಜಾಗಗಳಿವೆ. ಆದ್ದರಿಂದ 'ವೇಲ್ಸ್‌ಗೆ ಹೋಗಿದ್ದೆ, ಒಂದು ವೆಲ್ಶ್ ಪದ ಕಿವಿಗೆ ಬೀಳಲಿಲ್ಲ' ಅನ್ನುವವರೂ ಸುಳ್ಳು ಹೇಳುತ್ತಿಲ್ಲ. 'ಬರೀ ವೆಲ್ಶೇ ಕೇಳಿತು' ಅನ್ನುವವರೂ ಸುಳ್ಳು ಹೇಳುತ್ತಿಲ್ಲ.

ಅಕ್ಕೋರೇ, ಬೋರ್ಡು ಗೀರ್ಡು ಬಿಡಿ. ಅದು ಸರ್ಕಾರದ್ದು. ಬೆಳಗ್ಗೆ ಎದ್ದು ಹಾಲು ತರಲಿಕ್ಕೆ ಹೋದರೆ ಯಾವ ಭಾಷೆ ಆಡ್ತಾರೆ ಹೇಳಿ. (ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರು)

ಕೇಳಬೇಕಾದ್ದನ್ನೇ ಕೇಳಿದಿರಿ. ನಾನು ಹೆಚ್ಚು ಓಡಾಡಿದ್ದು ಕೈರ್‌ನಾರ್ವನ್ ಪೇಟೆಯಲ್ಲಿ. ಅಲ್ಲಿ ಹತ್ತರಲ್ಲಿ ಎಂಟು ಜನಕ್ಕಿಂತ ಜಾಸ್ತಿ ವೆಲ್ಶ್ ಆಡುವವರು. ಹಾಲಿನ ಅಂಗಡಿ, ಮಾಂಸದ ಅಂಗಡಿ, ಬಸ್ ಸ್ಟಾಂಡು, ಜಗಳ, ನಗು ಎಲ್ಲ ವೆಲ್ಶ್‌ನಲ್ಲೇ. ನನ್ನ ಮುಖ ನೋಡಿದ ತಕ್ಷಣ ಇಂಗ್ಲಿಷಿಗೆ ಬರುತ್ತಾರೆ. ಅದು ಮರ್ಯಾದೆ. ನನಗೆ ಒಂಚೂರು ಬೇಜಾರೂ ಆಗುತ್ತಿತ್ತು, 'ಬೋರೆ ದಾ' ಅಂತ ಬೆಳಗಿನ ನಮಸ್ಕಾರ ಕಲಿತುಕೊಂಡು ಹೋಗಿರುತ್ತಿದ್ದೆನಲ್ಲ.

ಅಲ್ಲಿ ನಾನು ಕಣ್ಣಾರೆ ಕಂಡ ಒಂದು ಸಣ್ಣ ವಸ್ತು ಹೇಳುತ್ತೇನೆ. ಔಷಧಿ ಅಂಗಡಿಯ ಹುಡುಗಿಯ ಕೋಟಿನ ಮೇಲೆ ಕಿತ್ತಳೆ ಬಣ್ಣದ ಒಂದು ಬ್ಯಾಡ್ಜ್. ಮಾತಿನ ಗುಳ್ಳೆಯ ಆಕಾರ, ಒಳಗೆ 'ಕಮ್‌ರೈಗ್' ಅಂತ ಬರೆದಿದೆ, ಅಷ್ಟೇ. 'ನನಗೆ ವೆಲ್ಶ್ ಬರುತ್ತದೆ, ಆಡಿ' ಅಂತ ಅದರ ಅರ್ಥ. ಕಲಿಯುತ್ತಿರುವವರಿಗೂ ಬೇರೆ ಬ್ಯಾಡ್ಜ್ ಉಂಟು. ನಾನು ಸಾಲಿನಲ್ಲಿ ನಿಂತಿದ್ದಾಗ ನನ್ನ ಮುಂದೆ ಒಬ್ಬ ಮುದುಕರು. ಕೌಂಟರಿಗೆ ಬಂದು ಇಂಗ್ಲಿಷಿನಲ್ಲಿ ಏನೋ ಶುರು ಮಾಡಿದರು, ತಡವರಿಸಿ ತಡವರಿಸಿ. ಕಣ್ಣು ಬ್ಯಾಡ್ಜಿನ ಮೇಲೆ ಬಿತ್ತು. ವಾಕ್ಯದ ಅರ್ಧದಲ್ಲೇ ಭಾಷೆ ಬದಲಾಯಿತು, ಬೆನ್ನು ನೆಟ್ಟಗಾಯಿತು. ಆಮೇಲೆ ನಿಲ್ಲಿಸಲೇ ಇಲ್ಲ ಮಾರಾಯ್ರೆ, ಮಾತ್ರೆ ಕೈಗೆ ಬಂದ ಮೇಲೂ ಅವರ ನಾಯಿಯ ಕಥೆ ನಡೆದಿತ್ತು. ಹಿಂದೆ ನಿಂತವರು ಯಾರೂ ಗೊಣಗಲಿಲ್ಲ.

ಮಗಳ ವಾರ್ಡಿನಲ್ಲೂ ಇದೇ ಕಥೆ. ಮರೆವಿನ ಕಾಯಿಲೆ ಬಂದ ವಯಸ್ಸಾದವರಲ್ಲಿ ಕೆಲವರಿಗೆ ಆಮೇಲೆ ಕಲಿತ ಇಂಗ್ಲಿಷ್ ಮೊದಲು ಜಾರಿ ಹೋಗುತ್ತದೆ, ತೊಟ್ಟಿಲಿನ ಭಾಷೆ ಉಳಿಯುತ್ತದೆ. 'ನೋವು ಎಲ್ಲಿ' ಅಂತ ವೆಲ್ಶ್‌ನಲ್ಲಿ ಕೇಳಿದರೆ ಮಾತ್ರ ಉತ್ತರ. ಅದಕ್ಕೇ ಅಲ್ಲಿಯ ಆರೋಗ್ಯ ಇಲಾಖೆಯ ಸೂಚನೆ ಏನೆಂದರೆ, ರೋಗಿ ಬಾಯಿಬಿಟ್ಟು ಕೇಳುವ ತನಕ ಕಾಯಬೇಡಿ, ನೀವೇ ಮೊದಲು 'ವೆಲ್ಶ್‌ನಲ್ಲಿ ಮಾತಾಡಲಾ' ಅಂತ ಕೇಳಿ. ಮಗಳೂ ಕಲಿತಿದ್ದಾಳೆ. ಹೊಸನಗರದ ಹವ್ಯಕರ ಹುಡುಗಿ ವೆಲ್ಶ್‌ನಲ್ಲಿ 'ತಿರುಗಿ ಮಲಗಿ' ಅನ್ನುವುದನ್ನು ಕೇಳಿ ಅಲ್ಲಿನ ಅಜ್ಜಿಯರಿಗೆ ಬಲು ಖುಷಿಯಂತೆ.

ಇನ್ನು ಕಚೇರಿ ವಿಷಯ. ಕೌನ್ಸಿಲಿನಿಂದ, ಅಂದರೆ ಅಲ್ಲಿಯ ಸ್ಥಳೀಯ ಆಡಳಿತದಿಂದ, ಬರುವ ಕಾಗದ ಎರಡೂ ಭಾಷೆಯಲ್ಲಿ, ಕಸದ ಗಾಡಿ ಯಾವ ವಾರ ಬರುತ್ತದೆ ಅನ್ನುವ ಚೀಟಿಯೂ ಸೇರಿ. ರೈಲಿನಲ್ಲಿ ಅನೌನ್ಸ್‌ಮೆಂಟ್ ಮೊದಲು ವೆಲ್ಶ್, ಆಮೇಲೆ ಇಂಗ್ಲಿಷ್. ಎಟಿಎಮ್ಮಿನಲ್ಲಿ ಭಾಷೆ ಆರಿಸಿಕೊಳ್ಳಬಹುದು. ಆದರೆ ಎರಡೂ ಭಾಷೆ ಇರಬೇಕು ಅನ್ನುವ ನಿಯಮದ ಹಿಡಿತ ಸರ್ಕಾರಿ ಸಂಸ್ಥೆಗಳ ಮೇಲೆ. ಬ್ಯಾಂಕು, ಸೂಪರ್‌ಮಾರ್ಕೆಟ್ಟು ತಮಗೆ ತೋಚಿದಂತೆ. ಒಂದು ದೊಡ್ಡ ಬ್ಯಾಂಕು 2024ರ ಆರಂಭದಲ್ಲಿ ವೆಲ್ಶ್ ಫೋನ್ ಲೈನನ್ನೇ ಮುಚ್ಚಿಬಿಟ್ಟಿತು.

ಶಾಲೆ? ಅಲ್ಲಿ ನಾನು ಕಂಡದ್ದು ಪೂರ್ತಿ ಸಿಹಿಯಲ್ಲ. ಗ್ವಿನೆದ್‌ನ ಪ್ರೈಮರಿ ಶಾಲೆಗಳಲ್ಲಿ ಪಾಠ ವೆಲ್ಶ್‌ನಲ್ಲಿ. ಹೊರಗಿನಿಂದ ಬಂದ ದೊಡ್ಡ ಮಕ್ಕಳನ್ನು ಮೊದಲು ಒಂದು ಭಾಷಾ ಕೇಂದ್ರಕ್ಕೆ ಕಳಿಸಿ, ಕೆಲವು ವಾರ ಬರೀ ವೆಲ್ಶ್‌ನಲ್ಲೇ ಮುಳುಗಿಸಿ, ಆಮೇಲೆ ಕ್ಲಾಸಿಗೆ ಸೇರಿಸುತ್ತಾರೆ. ಮೊಮ್ಮಗಳು ಅಲ್ಲಿಂದಲೇ ಕಲಿತದ್ದು. ಚೆನ್ನಾಗಿ ಓದುತ್ತಾಳೆ, ಬರೆಯುತ್ತಾಳೆ. ಸಂಜೆ ಕರೆತರಲು ಹೋದಾಗ ಗೇಟಿನ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಕ್ಲಾಸಿನ ಬಾಗಿಲು ದಾಟುವ ತನಕ ವೆಲ್ಶ್. ಅಂಗಳಕ್ಕೆ ಬಂದರೆ ಚೆಂಡು, ಓಟ, ಬೈಗುಳ ಇಂಗ್ಲಿಷಿನಲ್ಲಿ. ಟೀಚರ್ ಆ ಕಡೆ ಬಂದರೆ ಮತ್ತೆ ವೆಲ್ಶ್. 'ಯಾಕೆ ಹೀಗೆ?' ಅಂತ ಕೇಳಿದೆ. 'ಅಮ್ಮಮ್ಮ, ಅದು ಸ್ಕೂಲಿನ ಭಾಷೆ' ಅಂದಳು. ಅಪ್ಪಟ ವೆಲ್ಶ್ ಮನೆಗಳ ಮಕ್ಕಳು ಹಾಗಲ್ಲ, ಅಂಗಳದಲ್ಲೂ ವೆಲ್ಶೇ. ಆದರೆ ಶಾಲೆಯಲ್ಲೇ ಕಲಿತ ಮಕ್ಕಳನ್ನು ಶಾಲೆಯ ಹೊರಗೂ ಆಡುವಂತೆ ಮಾಡುವುದು ಹೇಗೆ ಅನ್ನುವುದು ಅಲ್ಲಿಯ ಮೇಷ್ಟ್ರುಗಳ ದೊಡ್ಡ ತಲೆನೋವು.

ನಮ್ಮ ಅಜ್ಜನ ಮನೆ, ಗದ್ದೆ ಲಿಂಗನಮಕ್ಕಿ ನೀರಿನಡಿ ಹೋಗಿದೆ. ವೇಲ್ಸ್‌ನಲ್ಲೂ ಒಂದು ಊರು ಹೀಗೇ ಮುಳುಗಿತು, ಭಾಷೆಯ ಹೋರಾಟ ಅಲ್ಲಿಂದಲೇ ಎದ್ದಿತು ಅಂತ ಕೇಳಿದ್ದೇನೆ. ನಿಜವಾ? (ತುಮರಿ ಕಡೆಯ ಹಿರಿಯರು)

ಊರು ಮುಳುಗಿದ್ದು ನಿಜ. ಹೋರಾಟ ಅಲ್ಲಿಂದ ಶುರುವಾಗಲಿಲ್ಲ, ಆದರೆ ಬೆಂಕಿಗೆ ತುಪ್ಪ ಬಿದ್ದದ್ದು ಅಲ್ಲೇ.

ಊರಿನ ಹೆಸರು ಕಪೆಲ್ ಕೆಲಿನ್. ಟ್ರವೆರಿನ್ ಅನ್ನುವ ಕಣಿವೆಯಲ್ಲಿ ಇತ್ತು. ಹನ್ನೆರಡು ಮನೆ ಮತ್ತು ಫಾರ್ಮು, ಒಂದು ಶಾಲೆ, ಒಂದು ಪೋಸ್ಟಾಫೀಸು, ಒಂದು ಚಾಪೆಲ್, ಅದರ ಹಿಂದೆ ಸ್ಮಶಾನ. ಊರಿಗೆ ಊರೇ ವೆಲ್ಶ್ ಆಡುವವರು. ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಬೇಕಾಯಿತು. 1957ರಲ್ಲಿ ನೇರ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಮಸೂದೆ ಪಾಸು ಮಾಡಿಸಿಕೊಂಡರು. ವೇಲ್ಸ್‌ನ ಒಬ್ಬ ಸಂಸದನೂ ಅದರ ಪರ ಮತ ಹಾಕಲಿಲ್ಲ. ಆದರೂ ಪಾಸಾಯಿತು. ಊರಿನವರು ಮಕ್ಕಳು ಮರಿ ಕಟ್ಟಿಕೊಂಡು ಲಿವರ್‌ಪೂಲ್ ಬೀದಿಯಲ್ಲಿ ಮೆರವಣಿಗೆ ಹೋದರು. ಏನೂ ಆಗಲಿಲ್ಲ. 1965ರಲ್ಲಿ ನೀರು ತುಂಬಿತು. ನಮ್ಮ ಲಿಂಗನಮಕ್ಕಿ ಆದದ್ದು 1964ರಲ್ಲಿ, ಅಲ್ವಾ? ಒಂದೇ ಕಾಲ.

ಅಬೆರಿಸ್ಟ್‌ವಿತ್ ಪಟ್ಟಣದ ದಕ್ಷಿಣಕ್ಕೆ ರಸ್ತೆ ಬದಿಯಲ್ಲಿ ಒಂದು ಮುರುಕು ಗೋಡೆ ಇದೆ. ಕೆಂಪು ಬಣ್ಣದ ಮೇಲೆ ಬಿಳಿ ಅಕ್ಷರ: 'ಕೊವ್ಯೂಖ್ ದ್ರವೆರಿನ್.' ಟ್ರವೆರಿನ್ ಮರೆಯಬೇಡಿ ಅಂತ. 2019ರಲ್ಲಿ ಯಾರೋ ಗೋಡೆ ಕೆಡವಿದರು. ಜನ ಮತ್ತೆ ಕಟ್ಟಿದರು, ಅಷ್ಟಕ್ಕೇ ಬಿಡದೆ ವೇಲ್ಸ್ ತುಂಬ ಕಂಡಕಂಡ ಗೋಡೆಯ ಮೇಲೆ ಅದೇ ಸಾಲು ಬರೆದರು. ಗ್ಯಾರೇಜಿನ ಬಾಗಿಲ ಮೇಲೂ ನೋಡಿದ್ದೇನೆ. ಲಿವರ್‌ಪೂಲ್ ಕೌನ್ಸಿಲ್ ಕೊನೆಗೆ ತಪ್ಪೊಪ್ಪಿಗೆ ಕೊಟ್ಟದ್ದು 2005ರಲ್ಲಿ.

ನನಗೆ ಕಾಡಿದ್ದು ಒಂದು. ಶರಾವತಿಯಲ್ಲಿ ಮುಳುಗಿದ್ದು ಹನ್ನೆರಡು ಮನೆಯಲ್ಲ, ಸಾವಿರಾರು ಕುಟುಂಬ ಎದ್ದು ಹೋದವು. ಹಕ್ಕುಪತ್ರಕ್ಕೆ ಇವತ್ತಿಗೂ ಅಲೆಯುತ್ತಿದ್ದಾರೆ. ಆದರೂ ಅದು ನಾಡಿನ ಎದೆಯ ನೋವು ಆಗಲಿಲ್ಲ, 'ಸಾಗರ, ಹೊಸನಗರದವರ ಸಮಸ್ಯೆ' ಆಗಿ ಉಳಿಯಿತು. ನಮ್ಮ ಜನ ಎದ್ದು ಹೋದ ಕಡೆಯೂ ಕನ್ನಡವೇ ಇತ್ತು, ಮನೆ ಹೋಯಿತು, ಮಾತು ಉಳಿಯಿತು. ಕಪೆಲ್ ಕೆಲಿನ್‌ನವರಿಗೆ ಎರಡೂ ಒಟ್ಟಿಗೇ ಹೋಗುವಂತೆ ಕಂಡಿತು. ಜೊತೆಗೆ ನೀರು ಒಯ್ದವರು ಬೇರೆ ಭಾಷೆಯವರು. ನಮ್ಮಲ್ಲಿ ಕರೆಂಟು ಒಯ್ದವರು ನಮ್ಮವರೇ, ಯಾರ ಮೇಲೆ ಅಂತ ಗೋಡೆಯಲ್ಲಿ ಬರೆಯೋಣ? ಆ ಹಿನ್ನೀರಿನ ಮೇಲೆ ಸಿಗಂದೂರಿಗೆ 2025ರಲ್ಲಿ ಸೇತುವೆ ಆಯಿತು. ಅರವತ್ತು ವರ್ಷ ಬೇಕಾಯಿತು.

ಇಷ್ಟು ಕಡಿಮೆ ಜನ ಇದ್ದುಕೊಂಡು ಅಷ್ಟೆಲ್ಲ ಸೌಲಭ್ಯ ಹೇಗೆ ಗಿಟ್ಟಿಸಿಕೊಂಡರು? ನಮ್ಮ ಗೋಕಾಕ್ ಚಳವಳಿ ಥರ ಏನಾದರೂ ಆಯ್ತಾ? (ಭದ್ರಾವತಿಯ ನಿವೃತ್ತ ಕಾರ್ಮಿಕರು)

ಆಯಿತು, ಆದರೆ ತೆರಿಗೆ ಬಿಲ್ಲಿನಿಂದ ಶುರುವಾಯಿತು. ಇದು ನನಗೆ ತುಂಬ ಇಷ್ಟದ ಕಥೆ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಮೊದಲು ಹಿನ್ನೆಲೆ. 1536ರಲ್ಲಿ ಎಂಟನೇ ಹೆನ್ರಿಯ ಕಾಲದ ಕಾನೂನು ವೇಲ್ಸ್‌ನ ಕೋರ್ಟು ಕಚೇರಿಗೆಲ್ಲ ಇಂಗ್ಲಿಷನ್ನೇ ಹಾಕಿತು. ವೆಲ್ಶ್ ಮಾತ್ರ ಬರುವವನಿಗೆ ಅಧಿಕಾರದ ಹುದ್ದೆ ಇಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಕೆಲವು ಶಾಲೆಗಳಲ್ಲಿ ವೆಲ್ಶ್ ಆಡಿದ ಮಗುವಿನ ಕೊರಳಿಗೆ ಮರದ ತುಂಡು ಕಟ್ಟುತ್ತಿದ್ದರು. ಇನ್ನೊಂದು ಮಗು ಬಾಯ್ತಪ್ಪಿ ವೆಲ್ಶ್ ಆಡಿದರೆ ತುಂಡು ಅದರ ಕೊರಳಿಗೆ. ದಿನದ ಕೊನೆಗೆ ಯಾರ ಕೊರಳಲ್ಲಿ ಇದೆಯೋ ಅವರಿಗೆ ಪೆಟ್ಟು. (ಕನ್ನಡ ಆಡಿದರೆ ಫೈನ್ ಹಾಕುವ ಕಾನ್ವೆಂಟುಗಳಿಗೆ ಈ ಐಡಿಯಾ ಯಾರೂ ಹೇಳಬೇಡಿ.) ಅಷ್ಟರ ನಡುವೆಯೂ ಭಾಷೆ ಉಳಿದದ್ದಕ್ಕೆ ಒಂದು ದೊಡ್ಡ ಕಾರಣ, 1588ರಲ್ಲೇ ವಿಲಿಯಂ ಮಾರ್ಗನ್ ಇಡೀ ಬೈಬಲ್ಲನ್ನು ವೆಲ್ಶ್‌ಗೆ ತಂದಿದ್ದು. ಕಚೇರಿ ಇಂಗ್ಲಿಷಾದರೂ ದೇವರು ವೆಲ್ಶ್ ಆಗಿಯೇ ಉಳಿದ.

ಈಗ ಬಿಲ್ಲಿನ ಕಥೆ. ದಕ್ಷಿಣದ ಲ್ಲಾಂಗೆನೆಖ್ ಅನ್ನುವ ಹಳ್ಳಿ. ಟ್ರೆವೊರ್ ಬೀಸ್ಲಿ ಕಲ್ಲಿದ್ದಲು ಗಣಿಯ ಕಾರ್ಮಿಕ, ಹೆಂಡತಿ ಐಲೀನ್ ಟೀಚರ್ ಆಗಿದ್ದವರು. 1952ರಲ್ಲಿ ಮನೆ ಕಂದಾಯದ ನೋಟಿಸು ಬಂತು, ಬರೀ ಇಂಗ್ಲಿಷಿನಲ್ಲಿ. 'ವೆಲ್ಶ್‌ನಲ್ಲಿ ಕೊಡಿ, ಕಟ್ಟುತ್ತೇವೆ' ಅಂದರು. ಕಟ್ಟುವುದಿಲ್ಲ ಅನ್ನಲಿಲ್ಲ, ಗಮನಿಸಿ. ಆ ಊರಿನಲ್ಲಿ ಹೆಚ್ಚಿನವರು ವೆಲ್ಶ್‌ನವರೇ, ಕೌನ್ಸಿಲಿನಲ್ಲಿ ಕೂತವರೂ ವೆಲ್ಶ್‌ನವರೇ. ಆದರೂ ಆಗುವುದಿಲ್ಲ ಅಂದರು. ಮತ್ತೆ ಮತ್ತೆ ಕೋರ್ಟಿಗೆ ಎಳೆದರು. ಜಪ್ತಿ ಮಾಡುವವರು ಬಂದು ಮನೆಯ ಕುರ್ಚಿ ಮೇಜು ಹೊತ್ತುಕೊಂಡು ಹೋದರು, ಪಿಯಾನೊವನ್ನೂ ಬಿಡಲಿಲ್ಲ. ಮನೆಯಲ್ಲಿ ಎರಡು ಸಣ್ಣ ಮಕ್ಕಳು. ಎಂಟು ವರ್ಷ ಹೀಗೆ. 1960ರಲ್ಲಿ ಎರಡು ಭಾಷೆಯ ಬಿಲ್ಲು ಬಂತು.

ಭಾಷಣ ಇಲ್ಲ, ಬಾವುಟ ಇಲ್ಲ, ಬರೀ ಒಂದು ಬಿಲ್ಲು. ಇದರಿಂದ ಏನಾಯಿತು ನೋಡಿ. 1962ರ ಫೆಬ್ರವರಿಯಲ್ಲಿ ಸಾಂಡರ್ಸ್ ಲೂಯಿಸ್ ಅನ್ನುವ ಹಿರಿಯ ನಾಟಕಕಾರ ರೇಡಿಯೋದಲ್ಲಿ ಭಾಷೆಯ ಗತಿಯ ಬಗ್ಗೆ ಉಪನ್ಯಾಸ ಕೊಟ್ಟಾಗ ಈ ದಂಪತಿಯನ್ನೇ ಉದಾಹರಣೆ ಕೊಟ್ಟರು. ಅದೇ ವರ್ಷ ವೆಲ್ಶ್ ಭಾಷಾ ಸಂಘ ಹುಟ್ಟಿತು. 1963ರ ಫೆಬ್ರವರಿ 2ರಂದು ಅಬೆರಿಸ್ಟ್‌ವಿತ್‌ನ ಟ್ರೆವೆಖನ್ ಸೇತುವೆಯ ಮೇಲೆ ಚಳಿಯಲ್ಲಿ ವಿದ್ಯಾರ್ಥಿಗಳು ಕೂತು ದಾರಿ ತಡೆದರು. ಅವರ ಬೇಡಿಕೆ ಏನು? ಕೋರ್ಟಿನ ಸಮನ್ಸು ವೆಲ್ಶ್‌ನಲ್ಲಿ ಕೊಡಿ! ಆಮೇಲೆ ಇಂಗ್ಲಿಷ್ ರಸ್ತೆ ಫಲಕಗಳಿಗೆ ಬಣ್ಣ ಬಳಿದರು, ಕಿತ್ತರು, ಜೈಲಿಗೆ ಹೋದರು. ಎಪ್ಪತ್ತರ ದಶಕದಲ್ಲಿ ಎರಡು ಭಾಷೆಯ ಫಲಕ ಬರತೊಡಗಿತು.

ಟಿವಿಯದ್ದು ಇನ್ನೂ ಜೋರು. ವೆಲ್ಶ್ ಚಾನೆಲ್ ಕೊಡುತ್ತೇವೆ ಅಂದ ಸರ್ಕಾರ ಮಾತು ತಪ್ಪಿತು. ಗ್ವಿನ್ವೊರ್ ಇವಾನ್ಸ್ ಅನ್ನುವ ನಾಯಕ 1980ರಲ್ಲಿ, ಚಾನೆಲ್ ಕೊಡದಿದ್ದರೆ ಸಾಯುವ ತನಕ ಉಪವಾಸ ಅಂದರು. ದಿನ ಬರುವ ಮೊದಲೇ ಥ್ಯಾಚರ್ ಸರ್ಕಾರ ಬಗ್ಗಿತು. ಎಸ್‌ಫೋರ್‌ಸಿ ಚಾನೆಲ್ ಶುರುವಾದದ್ದು 1982ರ ನವೆಂಬರ್ 1ರಂದು. ಹೌದು, ನಮ್ಮ ರಾಜ್ಯೋತ್ಸವದ ದಿನ, ಗೋಕಾಕ್ ಚಳವಳಿಯ ವರ್ಷ! ಕಾಕತಾಳೀಯ ಅಷ್ಟೇ, ಆದರೂ ಭದ್ರಾವತಿಯವರಿಗೆ ಹೇಳದೆ ಹೇಗೆ ಬಿಡಲಿ.

ಕಾನೂನುಗಳು ಇದರ ಹಿಂದೆ ಹಿಂದೆ ಬಂದವು: 1967, 1993, ಮತ್ತು 2011. ವೆಲ್ಶ್‌ಗೆ ವೇಲ್ಸ್‌ನಲ್ಲಿ ಅಧಿಕೃತ ಸ್ಥಾನ ಅಂತ ಬರೆದುಕೊಟ್ಟದ್ದು 2011ರದ್ದು. ಈಗ ಒಬ್ಬ ಭಾಷಾ ಕಮಿಷನರ್ ಇದ್ದಾರೆ. ಕೌನ್ಸಿಲಿನ ಕಾಗದ ವೆಲ್ಶ್‌ನಲ್ಲಿ ಬರಲಿಲ್ಲ ಅಂದರೆ ದೂರು ಕೊಡಬಹುದು, ತನಿಖೆ ಆಗುತ್ತದೆ, ದಂಡ ಹಾಕುವ ಅಧಿಕಾರವೂ ಉಂಟು.

ಹಾಗಾದರೆ ವೆಲ್ಶ್ ಗೆದ್ದಿತು ಅನ್ನಬಹುದಾ? (ತೀರ್ಥಹಳ್ಳಿ, ಪದವಿ ವಿದ್ಯಾರ್ಥಿ)

ಇಲ್ಲಪ್ಪ. ಸ್ಥಾನಮಾನ ಮೇಲೆ ಹೋಯಿತು, ಆಡುವವರ ಲೆಕ್ಕ ಕೆಳಗೆ ಬಂತು. 1911ರಲ್ಲಿ ಒಂಬತ್ತು ಮುಕ್ಕಾಲು ಲಕ್ಷ ಜನ ಇದ್ದರು, ನೂರಕ್ಕೆ 43ಕ್ಕೂ ಮೇಲೆ. 2001ರಲ್ಲಿ ನೂರಕ್ಕೆ 20.8, 2011ರಲ್ಲಿ 19, 2021ರಲ್ಲಿ 17.8. ಕಾನೂನು ಬಲವಾದ ಮೇಲೆಯೇ ಈ ಇಳಿತ! 2017ರಲ್ಲಿ ವೇಲ್ಸ್ ಸರ್ಕಾರ 2050ರ ಹೊತ್ತಿಗೆ ಹತ್ತು ಲಕ್ಷ ಜನ ಮಾಡುತ್ತೇವೆ ಅಂತ ಗುರಿ ಇಟ್ಟಿತು. 2025ರಲ್ಲಿ ಅದನ್ನು ಕಾನೂನಿನಲ್ಲೇ ಬರೆದರು. ಆದರೆ 5ರಿಂದ 15 ವಯಸ್ಸಿನ ಮಕ್ಕಳಲ್ಲಿ ವೆಲ್ಶ್ ಬರುವವರು 2011ರಿಂದ 2021ರ ನಡುವೆ ನೂರಕ್ಕೆ 40.3ರಿಂದ 34.3ಕ್ಕೆ ಇಳಿದಿದ್ದರು. ಗಣತಿ ನಡೆದದ್ದು ಕೊರೊನಾ ಕಾಲದಲ್ಲಿ, ಶಾಲೆಗೆ ಬೀಗ ಬಿದ್ದಿತ್ತು, ಅದೂ ಒಂದು ಕಾರಣ ಇರಬಹುದು ಅನ್ನುತ್ತಾರೆ. ಅದು ನಿಜವಾದರೆ ಇನ್ನೂ ಯೋಚನೆಯ ವಿಷಯ ಅಲ್ವಾ? ಶಾಲೆ ಮುಚ್ಚಿದ ಕೂಡಲೇ ಕಡಿಮೆಯಾಗುವ ಭಾಷೆ ಮನೆಯಲ್ಲಿ ಎಷ್ಟು ಇದೆ?

ಇನ್ನೊಂದು ಕಾರಣ ಮನೆಗಳದ್ದೇ. ಗ್ವಿನೆದ್‌ನ ಸಮುದ್ರದಂಡೆಯ ಊರುಗಳಲ್ಲಿ ಹೊರಗಿನ ದುಡ್ಡಿದ್ದವರು ರಜೆಗೆ ಅಂತ ಮನೆ ಕೊಳ್ಳುತ್ತಾರೆ. ಬೆಲೆ ಏರಿ, ಊರಿನ ಹುಡುಗ ಹುಡುಗಿಯರಿಗೆ ಅಲ್ಲೇ ಮನೆ ಮಾಡಲು ಆಗುವುದಿಲ್ಲ. ರಾಜಧಾನಿ ಕಾರ್ಡಿಫ್‌ಗೋ ಇಂಗ್ಲೆಂಡಿಗೋ ಹೋಗುತ್ತಾರೆ. ಚಳಿಗಾಲದ ಸಂಜೆ ಒಂದು ಊರಿನ ಬೀದಿಯಲ್ಲಿ ನಡೆದಿದ್ದೆ, ಸಾಲು ಮನೆಯಲ್ಲಿ ದೀಪ ಉರಿಯುತ್ತಿದ್ದದ್ದು ಅಲ್ಲೊಂದು ಇಲ್ಲೊಂದು. ಈಗ ಅಂಥ ಎರಡನೇ ಮನೆಗಳ ಮೇಲೆ ಮಾಮೂಲಿ ತೆರಿಗೆಯ ಜೊತೆಗೆ ಇನ್ನೂ ಮೂರು ಪಟ್ಟಿನ ತನಕ ಹೆಚ್ಚುವರಿ ಹಾಕಲು ಕೌನ್ಸಿಲುಗಳಿಗೆ 2023ರಿಂದ ಅವಕಾಶ ಇದೆ. ಆಗುಂಬೆ ಕಡೆ ತೋಟ ಮಾರಿ ಹೋಂಸ್ಟೇ ಆಗುತ್ತಿರುವುದನ್ನು ನೋಡಿದವರಿಗೆ ನಾನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷ್ ಮಾತ್ರ ಬರುವವರು 'ದುಡ್ಡು ದಂಡ' ಅಂತ ಕೂಗುವುದಿಲ್ಲವೇ? (ಸೊರಬ)

ಕೂಗುತ್ತಾರೆ. 'ಅನುವಾದಕ್ಕೆ ಸುರಿಯುವ ದುಡ್ಡನ್ನು ಆಸ್ಪತ್ರೆಗೆ ಹಾಕಿ' ಅನ್ನುವ ಮಾತು ಬಸ್ಸಿನಲ್ಲೇ ಕೇಳಿದ್ದೇನೆ. ವೆಲ್ಶ್ ಬಾರದವರೇ ಜಾಸ್ತಿ ಇರುವ ನಾಡು ಅದು, ಕೆಲಸಕ್ಕೆ ವೆಲ್ಶ್ ಬೇಕು ಅಂದರೆ ಅವರಿಗೆ ಸಿಟ್ಟು ಬರುವುದು ಸಹಜ. ಆದರೆ ವೆಲ್ಶ್ ಬಾರದ ಎಷ್ಟೋ ತಂದೆತಾಯಿಯರು ಹುಡುಕಿಕೊಂಡು ಹೋಗಿ ಮಕ್ಕಳನ್ನು ವೆಲ್ಶ್ ಮಾಧ್ಯಮಕ್ಕೆ ಸೇರಿಸುತ್ತಾರೆ. ಇದನ್ನು ನೋಡಿದಾಗ ನನಗೆ ಹೊಟ್ಟೆಕಿಚ್ಚೇ ಆಯಿತು.

ವೇಲ್ಸ್ ಬಿಟ್ಟು ಬೇರೆ ಎಲ್ಲಾದರೂ ವೆಲ್ಶ್ ಆಡ್ತಾರಾ? (ಶಿಕಾರಿಪುರ)

ಅರ್ಜೆಂಟೀನಾದಲ್ಲಿ! 1865ರಲ್ಲಿ ಮಿಮೋಸಾ ಅನ್ನುವ ಹಡಗಿನಲ್ಲಿ ನೂರೈವತ್ತು ಜನ ಪಟಗೋನಿಯಾಕ್ಕೆ ಹೋಗಿ ನೆಲೆಸಿದರು. ಇಂಗ್ಲಿಷಿನ ಕಾಟ ಇಲ್ಲದ ಜಾಗ ಬೇಕಿತ್ತು. ಇವತ್ತೂ ಗೈಮನ್ ಅನ್ನುವ ಊರಿನಲ್ಲಿ ಸ್ಪ್ಯಾನಿಷ್ ಜೊತೆ ವೆಲ್ಶ್ ಕೇಳಿಸುತ್ತದೆ.

ಕನ್ನಡಿಗರು ಇವರಿಂದ ಏನು ಕಲಿಯಬೇಕು, ಟೀಚರ್? (ಕೊಪ್ಪ)

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಕನ್ನಡವನ್ನು ವೆಲ್ಶ್ ಪಕ್ಕ ನಿಲ್ಲಿಸಿ ಅಳುವುದು ನನಗೆ ಒಪ್ಪಿಗೆಯಿಲ್ಲ. 2011ರ ಗಣತಿಯಲ್ಲಿ ನಾವು ನಾಲ್ಕು ಕೋಟಿಗೂ ಮೇಲೆ. ನಮಗೆ ರಾಜ್ಯ ಇದೆ, ವಿಧಾನಸೌಧ ಇದೆ. ಅಂಗಡಿ ಬೋರ್ಡಿನಲ್ಲಿ ನೂರಕ್ಕೆ ಅರವತ್ತು ಭಾಗ ಕನ್ನಡ ಇರಬೇಕು ಅನ್ನುವ ಕಾನೂನೂ 2024ರಲ್ಲಿ ಬಂದಿದೆ. ವೆಲ್ಶ್ ಪಕ್ಕ ನಿಲ್ಲಬೇಕಾದವರು ನಮ್ಮ ಸುತ್ತಲೇ ಇದ್ದಾರೆ. ತುಳು ಆಡುವವರು ಅದೇ ಗಣತಿಯಲ್ಲಿ 18 ಲಕ್ಷ, ವೆಲ್ಶ್‌ನವರ ಮೂರು ಪಟ್ಟು. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಇನ್ನೂ ಜಾಗ ಇಲ್ಲ. ಕೊಡವ ಆಡುವವರು ಒಂದು ಲಕ್ಷ ಚಿಲ್ಲರೆ. ಇನ್ನು ಶಿಕಾರಿಪುರದ ತಾಂಡಾಗಳ ಲಂಬಾಣಿ, ನಿಮ್ಮ ಕೊಪ್ಪದ ಕಾಫಿ ಲೈನಿನಲ್ಲಿ ಆಡುವ ಭಾಷೆಗಳು. ಅವರ ಎದುರು ನಾವೇ ದೊಡ್ಡ ಭಾಷೆಯವರು.

ಒಂದೇ ಒಂದನ್ನು ಕದಿಯಬಹುದಾದರೆ ನಾನು ಆ ಕಿತ್ತಳೆ ಬ್ಯಾಡ್ಜ್ ಕದಿಯುತ್ತೇನೆ. ತಾಲ್ಲೂಕು ಆಸ್ಪತ್ರೆಯ ನರ್ಸಮ್ಮನ ಎದೆಯ ಮೇಲೆ 'ಲಂಬಾಣಿ ಬರುತ್ತೆ', 'ತುಳು ಬರುತ್ತೆ', 'ಬ್ಯಾರಿ ಬರುತ್ತೆ' ಅಂತ ಒಂದು ಬಿಲ್ಲೆ. ಬೆಂಗಳೂರಿನ ಬ್ಯಾಂಕಿನಲ್ಲಿ 'ಕನ್ನಡ ಬರುತ್ತೆ'. ಒಂದು ಬಿಲ್ಲೆಗೆ ಎಷ್ಟು ಖರ್ಚು? ಟೀ ಕುಡಿದಷ್ಟು. ಬರುವ ಭಾಷೆಯನ್ನು ಬರುತ್ತೆ ಅಂತ ತೋರಿಸಿಕೊಂಡರೆ ಎದುರಿಗೆ ಬಂದವರು ಬಾಯಿಬಿಡುತ್ತಾರೆ. ತೋರಿಸದಿದ್ದರೆ ಇಬ್ಬರೂ ಒಂದೇ ಭಾಷೆಯವರಾಗಿದ್ದುಕೊಂಡು ಮುರುಕು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಒದ್ದಾಡಿ ಎದ್ದು ಹೋಗುತ್ತಾರೆ.

ಮೇಡಂ, ನಾನು ವೆಲ್ಶ್ ಕಲೀಬೇಕು ಅಂತಿದ್ದೀನಿ. ವ್ಯಾಕರಣ ತುಂಬಾ ಕಷ್ಟ, ಪದದ ಮೊದಲ ಅಕ್ಷರವೇ ಬದಲಾಗುತ್ತೆ ಅಂತಾರೆ. ಹೌದಾ? (ಹೊಸನಗರ, ಪಿಯುಸಿ ವಿದ್ಯಾರ್ಥಿನಿ)

ಹೌದು ಮಗಾ, ಬದಲಾಗುತ್ತದೆ. ಅದಕ್ಕೆ ಹೆದರಬೇಕಾದವರು ಇಂಗ್ಲಿಷಿನವರು, ನೀನಲ್ಲ. ಗಡಿಯ ಫಲಕದಲ್ಲಿ 'ಕಮ್ರಿ'ಗೆ ಸ್ವಾಗತ ಅಂತ ಬರೆದಿರಬೇಕಲ್ಲ? ಬರೆದಿರುವುದು 'ಗಮ್ರಿ' ಅಂತ. ಕ ಹೋಗಿ ಗ. 'ಟ್ರವೆರಿನ್' ಆ ಗೋಡೆಯ ಮೇಲೆ 'ದ್ರವೆರಿನ್' ಆಗಿತ್ತು. ಪ ಬಂದರೆ ಬ ಆಗುತ್ತದೆ. ಕ ತ ಪ ಹೋಗಿ ಗ ದ ಬ. ಇದನ್ನು ಎಲ್ಲಿ ಓದಿದ್ದೀಯ ಹೇಳು? ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ನಮ್ಮ ಆದೇಶ ಸಂಧಿ! ಇಷ್ಟಕ್ಕೇ ನಿಲ್ಲುವುದಿಲ್ಲ. ಬ ಮತ್ತು ಮ ಅವರಲ್ಲಿ ವ ಆಗುತ್ತವೆ. ಬ್ಯಾಂಗರ್‌ಗೆ ಹೋಗುತ್ತೇನೆ ಅನ್ನುವಾಗ ಊರು 'ವ್ಯಾಂಗರ್' ಆಗುತ್ತದೆ. ನಮ್ಮ ಹಳಗನ್ನಡದ ಮೆಲ್, ಮಾತು ಸೇರಿ ಮೆಲ್ವಾತು ನೆನಪಿದೆ ತಾನೇ? ಎರಡು ಭಾಷೆಗೂ ಸಂಬಂಧ ಏನೂ ಇಲ್ಲ. ನಾಲಿಗೆ ಎಲ್ಲ ಕಡೆ ಒಂದೇ, ಸುಲಭದ ದಾರಿ ಹಿಡಿಯುತ್ತದೆ. ವ್ಯತ್ಯಾಸ ಏನೆಂದರೆ, ನಮ್ಮಲ್ಲಿ ಎರಡು ಪದ ಕೂಡಿ ಒಂದಾದಾಗ ಈ ಬದಲಾವಣೆ. ಅವರಲ್ಲಿ ಪದ ಬೇರೆಬೇರೆಯಾಗಿಯೇ ಇರುತ್ತದೆ, ಹಿಂದಿನ ಪದ ಯಾವುದು ಅನ್ನುವುದರ ಮೇಲೆ ಅಕ್ಷರ ಬದಲಾಗುತ್ತದೆ.

ಓದುವುದು ಇಂಗ್ಲಿಷಿಗಿಂತ ಸುಲಭ, ಬರೆದ ಹಾಗೇ ಉಚ್ಚಾರ. ಒಂದು ಲ ಮಾತ್ರ ಕೈಕೊಡುತ್ತದೆ, ಎರಡು ಎಲ್ ಜೋಡಿಸಿ ಬರೆಯುವ ಅಕ್ಷರ. ನಾಲಿಗೆಯನ್ನು ಲ ಅನ್ನುವ ಜಾಗದಲ್ಲೇ ಇಟ್ಟು, ದನಿ ಹೊರಡಿಸದೆ ಪಕ್ಕದಿಂದ ಗಾಳಿ ಊದು. ಎಂಜಲು ಹಾರಿದರೆ ಸರಿಯಾಗಿ ಬಂತು ಅಂತ ಲೆಕ್ಕ. ಫೋನಿನಲ್ಲಿ ಡ್ಯುಯೊಲಿಂಗೊ ಹಾಕಿಕೋ, ಅದರಲ್ಲಿ 2016ರಿಂದ ವೆಲ್ಶ್ ಪಾಠ ಇದೆ, ಇಂಗ್ಲಿಷ್ ಮೂಲಕ. ನಿಘಂಟಿನಲ್ಲಿ ಗ ಕೆಳಗೆ ಹುಡುಕಿ ಪದ ಸಿಗದಿದ್ದರೆ ಕ ಕೆಳಗೆ ನೋಡು, ದ ಕೆಳಗೆ ಸಿಗದಿದ್ದರೆ ತ ಕೆಳಗೆ. ಹತ್ತನೇ ತರಗತಿಯ ವ್ಯಾಕರಣ ಪುಸ್ತಕವನ್ನು ರದ್ದಿಗೆ ಹಾಕಿಲ್ಲ ತಾನೇ?